ಅಂಬಲಿ ಎಂದು ಬರೆದದ್ದು

ಹೋದ ಶನಿವಾರ ಮೊಳಕೆಗೆಂದು ರಾಗಿ ನೆನೆಹಾಕಿ ಮರೆತೆ. ನೆನೆಹಾಕಿದ್ದನ್ನು ಮರೆಯಲಿಲ್ಲ, ನೀರು ಬಸಿದು ಬಟ್ಟೆಯಲ್ಲಿ ಗಂಟುಕಟ್ಟಿ ಹೀಟರಿನ ಪಕ್ಕ ಇಟ್ಟದ್ದೂ ಚೆನ್ನಾಗಿ ನೆನಪಿದೆ. ಗಂಟು ಬಿಚ್ಚುವುದೊಂದನ್ನು ಮರೆತೆ. ಮಂಗಳವಾರ ಸಂಜೆ ಕೆಲಸ ಮುಗಿಸಿ ಬಂದು ರಿಚ್ಮಂಡ್ ಹಿಲ್ಲಿನ ಈ ಪುಟ್ಟ ಮನೆಯ ಬಾಗಿಲು ತೆಗೆದರೆ ಒಳಗಿನಿಂದ ಒಂದು ವಾಸನೆ ಬಂತು. ಹುಳಿ, ಆದರೆ ಮೊಸರಿನ ಹುಳಿಯಲ್ಲ. ಸಿಹಿ, ಆದರೆ ಹಣ್ಣಿನ ಸಿಹಿಯಲ್ಲ. ನಿಮ್ಮ ಮನೆಯಲ್ಲೂ ರಾಗಿ ಮೊಳಕೆ ಕಟ್ಟುವ ರೂಢಿಯಿದ್ದು, ನಿಮಗೂ ನನ್ನಂತೆ ಒಮ್ಮೆ ಮರೆತುಹೋಗಿದ್ದರೆ, ಆ ವಾಸನೆ ನಿಮಗೆ ಗೊತ್ತು. ಗೊತ್ತಿಲ್ಲದಿದ್ದರೆ ನಾನು ಹೇಳಿ ತಿಳಿಸಲಾರೆ. ಅದಕ್ಕೊಂದು ಹೆಸರಿದ್ದರೆ ಈ ಬರಹವೇ ಬೇಕಾಗುತ್ತಿರಲಿಲ್ಲ.

ಹೆಸರುಗಳ ವಿಷಯದಲ್ಲಿ ನಾನು ಶಿಸ್ತಿನವಳು ಎಂದು ನನ್ನ ನಂಬಿಕೆ. ನನ್ನ ಅಡುಗೆಮನೆಯ ಪ್ರತಿ ಡಬ್ಬಿಯ ಮೇಲೂ ಒಂದು ಚೀಟಿ ಇರುತ್ತದೆ, ಹೆಸರು ಮತ್ತು ತಾರೀಖು. ತೊಗರಿಬೇಳೆಯನ್ನು ನೋಡಿದರೆ ಅದು ತೊಗರಿಬೇಳೆ ಎಂದು ಯಾರಿಗಾದರೂ ತಿಳಿಯುತ್ತದೆ, ಆದರೂ ಬರೆದಿಟ್ಟಿದ್ದೇನೆ. ಇಂಥವಳು ಒಮ್ಮೆ ಒಂದು ತಪ್ಪು ಹೆಸರನ್ನು, ಬರೆಯಬಾರದ ಕಡೆ ಬರೆಸಿದೆ. ರಾಗಿ ತಿಂದು ಬೆಳೆದವರು ಮಾತ್ರ ಮಾಡಬಹುದಾದ ತಪ್ಪು ಅದು.

ಎರಡು ವರ್ಷದ ಹಿಂದೆ ನಾನು ವಿಮಾನ ನಿಲ್ದಾಣದ ಪಕ್ಕದ ಮಾಲ್ಟನ್ನಿನ ಒಂದು ಬೇಸ್‌ಮೆಂಟಿನಲ್ಲಿದ್ದೆ. ವಿಮಾನಗಳು ಮನೆಯ ಮೇಲೇ ಇಳಿಯುತ್ತವೇನೋ ಎನ್ನುವಷ್ಟು ತಗ್ಗಿನಲ್ಲಿ ಹಾದುಹೋಗುತ್ತಿದ್ದವು. ನಾವು ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಅದು ಹೋದಮೇಲೆ ಮುಂದುವರಿಸುತ್ತಿದ್ದೆವು. ನಾವು ಎಂದರೆ ನಾನು ಮತ್ತು ಹುಬ್ಬಳ್ಳಿಯ ರೇಣುಕಾ. ಇಬ್ಬರೂ ಕಾಲೇಜಿನಲ್ಲಿ ಡಿಪ್ಲೊಮಾ ಓದುತ್ತಿದ್ದೆವು. ಬೆಳಗ್ಗೆ ನನ್ನ ತರಗತಿ, ರೇಣುಕಾಗೆ ಬೇಕರಿಯ ಶಿಫ್ಟು. ಮಧ್ಯಾಹ್ನ ನಾನು ಮನೆಯಲ್ಲಿ, ಅವಳು ತರಗತಿಯಲ್ಲಿ. ಮೇಲೆ ಮನೆಯ ಒಡತಿ ಮಾಯಾ ದೀದಿ ಮತ್ತು ಅವರ ತಾಯಿ. ಪೂರ್ವ ನೇಪಾಳದ ಬೆಟ್ಟದ ಕಡೆಯವರು, ಲಿಂಬು ಜನ. ದೀದಿ ವಿಮಾನಗಳಿಗೆ ಊಟ ಕಟ್ಟುವ ದೊಡ್ಡ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದರು. ತಾಯಿಯನ್ನು ಎಲ್ಲರಂತೆ ನಾನೂ ಆಮಾ ಎನ್ನುತ್ತಿದ್ದೆ. ಎಪ್ಪತ್ತೈದು ದಾಟಿದ, ಸಣ್ಣ, ಗಟ್ಟಿ ಹೆಂಗಸು. ಅವರಿಗೆ ನೇಪಾಳಿ, ಸ್ವಲ್ಪ ಹಿಂದಿ. ನನಗೆ ಮುರುಕು ಹಿಂದಿ. ಅವರು ಹೇಳಿದ್ದನ್ನು ನನಗೆ ಅರ್ಥವಾದ ಮಟ್ಟಿಗೆ ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಅರ್ಥವಾಗದೆ ಬಿಟ್ಟುಹೋದದ್ದು ಎಷ್ಟೋ.

ನಮ್ಮ ಪರಿಚಯವಾದದ್ದೇ ರಾಗಿಯಿಂದ. ನಾನು ತೊಳೆದ ರಾಗಿಯನ್ನು ಹಿತ್ತಲಿನ ಮೆಟ್ಟಿಲ ಮೇಲೆ ಬಟ್ಟೆ ಹಾಸಿ ಒಣಗಿಸುತ್ತಿದ್ದೆ. ಆಮಾ ಬಂದು ಬಗ್ಗಿ, ಒಂದು ಹಿಡಿ ತೆಗೆದುಕೊಂಡು ಮೂಸಿದರು.

"ಕೋದೋ!" ಎಂದರು.

"ಅಲ್ಲ ಆಮಾ, ರಾಗಿ."

"ಕೋದೋ," ಎಂದು ಮತ್ತೊಮ್ಮೆ ಹೇಳಿದರು, ಪಾಠ ಒಪ್ಪಿಸಲು ಬಾರದ ಮಗುವನ್ನು ತಿದ್ದುವಂತೆ.

ಹಿಂದಿಯವರು ಕೋದೋ ಎನ್ನುವುದು ನಮ್ಮ ಹಾರಕಕ್ಕೆ, ನೇಪಾಳಿಗಳು ಕೋದೋ ಎನ್ನುವುದು ನಮ್ಮ ರಾಗಿಗೆ ಎಂದು ಆಮೇಲೆ ಓದಿ ತಿಳಿದೆ. ಗೊಂದಲ ಹೀಗೆ ಕಾಳಿನಿಂದಲೇ ಶುರುವಾಯಿತು. ಆಮಾ ಆ ದಿನ ನನ್ನಿಂದ ಎರಡು ಕಿಲೋ ರಾಗಿ ಕೇಳಿ ಪಡೆದರು. ಮುದ್ದೆ ಮಾಡುತ್ತಾರೆ ಎಂದುಕೊಂಡೆ. ಪರದೇಶದಲ್ಲಿ ರಾಗಿಯ ಬೆಲೆ ತಿಳಿದ ಇನ್ನೊಂದು ಜೀವ ಸಿಕ್ಕಿತಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ನಾಲ್ಕು ದಿನದ ಮೇಲೆ ನಮ್ಮ ಬೇಸ್‌ಮೆಂಟಿನಲ್ಲಿ ಆ ವಾಸನೆ ಶುರುವಾಯಿತು. ಮನೆಯನ್ನೆಲ್ಲ ಬೆಚ್ಚಗಿಡುವ ಫರ್ನೇಸು ನಮ್ಮ ಕೋಣೆಯ ಪಕ್ಕದ ಗೂಡಿನಲ್ಲಿತ್ತು. ಅದರ ಬದಿಗೆ, ಹಳೆಯ ಕಂಬಳಿ ಹೊದ್ದು ಒಂದು ಬಕೆಟ್ಟು ಕುಳಿತಿತ್ತು. ಕಿವಿಗೊಟ್ಟರೆ ಒಳಗೆ ಯಾರೋ ಪಿಸುಗುಡುವಂತೆ ಸಣ್ಣ ಸದ್ದು. ಆಮಾ ಮಧ್ಯಾಹ್ನ ಇಳಿದು ಬಂದು, ಕಂಬಳಿ ಸರಿಸಿ, ಮೂಗು ಹತ್ತಿರ ಒಯ್ದು, ತೃಪ್ತಿಯಿಂದ ತಲೆಯಾಡಿಸಿದರು. ಬೇಯಿಸಿದ ಕಾಳು, ಆರಿಸಿ, ಮರ್ಚಾ ಎಂಬ ಬಿಳಿಯ ಬಿಲ್ಲೆಯನ್ನು ಪುಡಿಮಾಡಿ ಬೆರೆಸಿಟ್ಟದ್ದು. ಊರಿಂದ ಬಂದವರು ಯಾರೋ ಆ ಬಿಲ್ಲೆಗಳನ್ನು ತಂದುಕೊಟ್ಟಿದ್ದರಂತೆ.

ನಾನು ಬೆಂಗಳೂರಿನಲ್ಲಿ ಮೈಕ್ರೋಬಯಾಲಜಿ ಓದಿದವಳು. ಬೆಂದ ಧಾನ್ಯ, ಬೆಚ್ಚಗಿನ ಮೂಲೆ, ಬಿಳಿಯ ಬಿಲ್ಲೆ, ನಾಲ್ಕು ದಿನ, ಗುಳ್ಳೆ: ಇವಿಷ್ಟನ್ನು ಕೂಡಿಸಿದರೆ ಏನಾಗುತ್ತದೆಂದು ನನಗೆ ತಿಳಿಯಲಿಲ್ಲ ಎಂದರೆ ನೀವು ನಂಬಬೇಕಾಗಿಲ್ಲ. ತಿಳಿದಿತ್ತು. ಆದರೆ ಅದು ರಾಗಿ. ಮಾಗಡಿಯ ನಮ್ಮ ಮನೆಯಲ್ಲಿ ಬೇಸಿಗೆ ಬಂತೆಂದರೆ ಅಜ್ಜಿ ರಾಗಿ ಹಿಟ್ಟನ್ನು ಮಡಕೆಯಲ್ಲಿ ಹುಳಿಬರಿಸಿ ಅಂಬಲಿ ಕಾಯಿಸುತ್ತಿದ್ದಳು. ರಾಗಿ ಹುಳಿ ಬಂದರೆ ಅಂಬಲಿ, ಅಷ್ಟೇ. ಅದರಾಚೆಗೆ ರಾಗಿಗೆ ಇನ್ನೊಂದು ಜನ್ಮ ಇರಬಹುದೆಂದು ನನ್ನ ಮನಸ್ಸಿನ ಯಾವ ಚೀಟಿಯ ಮೇಲೂ ಬರೆದಿರಲಿಲ್ಲ.

ಆಮಾ ಆ ಹುದುಗಿದ ಕಾಳನ್ನು ಎತ್ತರದ ಒಂದು ಪಾತ್ರೆಗೆ ತುಂಬಿ, ಮೇಲೆ ಕುದಿಯುವ ನೀರು ಹೊಯ್ದು, ಮುಚ್ಚಳದ ತೂತಿನಲ್ಲಿ ಬಿದಿರಿನ ಕೊಳವೆ ಇಳಿಸಿ, ಐದು ನಿಮಿಷ ಬಿಟ್ಟು ಹೀರುತ್ತಿದ್ದರು. ನೀರು ಮುಗಿದರೆ ಮತ್ತೆ ಬಿಸಿನೀರು. ನಾಲ್ಕನೆಯ ಸಲಕ್ಕೆ ರುಚಿ ಹೋಗುತ್ತದೆ, ಆಗ ಕಾಳನ್ನು ಚೆಲ್ಲುವುದು. ಒಂದು ಮಧ್ಯಾಹ್ನ ನನಗೂ ಒಂದು ಪಾತ್ರೆ ತುಂಬಿದರು. ಹೊರಗೆ ಹಿಮ ಸುರಿಯುತ್ತಿತ್ತು. ಬೇಡ ಎನ್ನುವುದು ನನ್ನ ಸ್ವಭಾವ. ಅಂದು ಯಾಕೋ ಅನ್ನಲಿಲ್ಲ.

"ಇದರ ಹೆಸರೇನು, ಆಮಾ?"

"ತೋಂಗ್ಬಾ."

ಬರೆದುಕೊಂಡೆ. ಮಾರನೆಯ ದಿನ ಅವರೇ ತಿದ್ದಿದರು: ತೋಂಗ್ಬಾ ಎನ್ನುವುದು ಪಾತ್ರೆಯ ಹೆಸರು, ಒಳಗಿರುವುದು ಜಾಂಡ್. ಇನ್ನೊಂದು ದಿನ, ಜಾಂಡ್ ಎನ್ನುವುದು ನೇಪಾಳಿ ಮಾತು, ನಮ್ಮ ಮನೆಯ ಮಾತಿನಲ್ಲಿ ಅದು ಥೀ ಎಂದರು. ಪಾತ್ರೆಯ ಹೆಸರು ಪಾನೀಯಕ್ಕೆ ಹತ್ತುವುದು ನಮಗೆ ಹೊಸದೇನಲ್ಲ. ನಮ್ಮ ಬೀದಿಯಲ್ಲಿ 'ಬಾಟ್ಲಿ ಅಭ್ಯಾಸ' ಎಂದರೆ ಗಾಜಿನ ಮೇಲಿನ ಪ್ರೀತಿ ಎಂದು ಯಾರೂ ತಿಳಿಯುವುದಿಲ್ಲ. ಆದರೂ ಮೂರು ದಿನಕ್ಕೆ ಮೂರು ಹೆಸರು ನನಗೆ ಹೆಚ್ಚಾಯಿತು.

"ಈ ಮಾತೆಲ್ಲ ಎಲ್ಲಿಂದ ಬಂತು ಆಮಾ?"

"ನನ್ನ ಅಮ್ಮನಿಂದ."

"ಅವರಿಗೆ?"

"ಅವಳ ಅಮ್ಮನಿಂದ." ಇಷ್ಟು ಓದಿದ ಹುಡುಗಿ ಇದನ್ನೂ ಕೇಳುತ್ತಾಳಲ್ಲ ಎಂಬಂತೆ ನನ್ನನ್ನು ನೋಡಿ, ಕೊಳವೆ ಬಾಯಿಗಿಟ್ಟುಕೊಂಡರು. ಒಂದು ಗುಟುಕು ಹೀರಿ, "ಇದು ಖಾನಾ, ನಾನಿ. ಅನ್ನ. ಹೆತ್ತವಳಿಗೆ ಕೊಡುತ್ತೇವೆ. ಸತ್ತವರ ಮುಂದೆ ಇಡುತ್ತೇವೆ. ಜಗಳವಾಡಿದವರನ್ನು ಎದುರುಬದುರು ಕೂರಿಸಿ ಮಧ್ಯ ಇಡುತ್ತೇವೆ," ಎಂದರು. ನಾನಿ ಎಂದರೆ ಮಗು. ಪಾತ್ರೆ ಬರಿದಾದಮೇಲೆ ಇನ್ನೊಂದು ಮಾತು ಸೇರಿಸಿದರು: "ಮಾಯಾಗೆ ಹೇಳಬೇಡ. ಶನಿವಾರ ಮಾತ್ರ ಅಂದುಕೊಂಡಿದ್ದಾಳೆ."

ಅಂದಿನಿಂದ ನಾನು ಆ ಮನೆಯ ಒಂದು ಗುಟ್ಟಿನ ಕಾವಲುಗಾರ್ತಿಯಾದೆ. ಆಮಾ ಕುಡಿಯುತ್ತಿದ್ದುದು ದಿನಾ, ನಾನು ವಾರಕ್ಕೊಮ್ಮೆ.

ಒಂದು ಸಲ ಸಂಜೆಯವರೆಗೂ ಹಾಗೆ ಕುಳಿತಿರುವಾಗ, ಊರಿನಲ್ಲಿ ಬೆಳಗಾಗುತ್ತಲೇ, ಅಮ್ಮನ ವಿಡಿಯೋ ಕಾಲ್ ಬಂತು. ಪಾತ್ರೆಯನ್ನು ಬದಿಗಿಡಲು ಪುರುಸೊತ್ತಾಗಲಿಲ್ಲ.

"ಏನೇ ಅದು, ಕೊಳವೆ ಹಾಕ್ಕೊಂಡು ಕುಡೀತಿದ್ದೀಯ?"

"ಅಂಬ್ಲಿ ಕಣಮ್ಮ."

"ಆ ಚಳೀಲಿ ಅಂಬ್ಲೀನಾ? ಶೀತ ಆಗಲ್ವೇನೆ?"

"ಬಿಸಿ ಅಂಬ್ಲಿ. ಮೇಲಿನ ಮನೆ ಅಜ್ಜಿ ಕೊಟ್ರು."

"ಪುಣ್ಯಾತ್ಗಿತ್ತಿ. ಅಂಥವ್ರು ಸಿಗ್ಬೇಕಲ್ಲ," ಎಂದು ಅಮ್ಮ ಸಂತೋಷಪಟ್ಟಳು. ಅವಳು ಪ್ರಾಥಮಿಕ ಶಾಲೆಯ ಟೀಚರು. ಸುಳ್ಳು ಹೇಳುವ ಮಕ್ಕಳನ್ನು ಕಣ್ಣು ನೋಡಿಯೇ ಹಿಡಿಯುತ್ತಾಳೆಂದು ಊರಿಗೆಲ್ಲ ಹೆಸರು. ಫೋನಿನ ಪರದೆ ಚಿಕ್ಕದಿದ್ದುದು ನನ್ನ ಅದೃಷ್ಟ.

ಬೇಗ ಮನೆಗೆ ಬಂದಿದ್ದ ರೇಣುಕಾ ಇದನ್ನೆಲ್ಲ ಮಂಚದ ಮೇಲೆ ಮಲಗಿ ಕೇಳಿಸಿಕೊಂಡಳು. "ಏ ಮೇಡಮ್, ಅಂಬಲಿ ಅಂತ! ಅಂಬಲಿ ಕುಡದ್ರ ಯಾರ ಕಿವಿ ಹಿಂಗ ಕೆಂಪ ಆಗ್ತಾವ? ಕನ್ನಡಿ ನೋಡ್ಕೋ ಹೋಗ."

"ಚಳಿಗೆ ಕೆಂಪಾಗಿರೋದು."

"ಹೂಂ, ಚಳಿಗೆ. ಫರ್ನೇಸ್ ಮಗ್ಗಲ ಕುಂತವ್ರಿಗೆ ಚಳಿ! ನಮ್ಮ ಕಡೆ ಇದಕ್ಕ ಸೆರೆ ಅಂತಾರ ನೋಡವ್ವಾ. ನೀ ಸೆರೆ ಕುಡದೀ. ಕುಡಿ, ನಾ ಏನ್ ಬ್ಯಾಡ ಅನ್ನಂಗಿಲ್ಲ. ಖರೇ ಹೆಸರ ಹೇಳಿ ಕುಡಿ."

ನನಗೆ ಸಿಟ್ಟು ಬಂತು. ಸೆರೆ ಎಂಬ ಮಾತು ಸುರೆಯಿಂದ ಬಂದಿರಬಹುದು ಎಂದು ಏನೋ ಪಾಂಡಿತ್ಯದ ಮಾತಾಡಿ ವಿಷಯ ತಪ್ಪಿಸಿದೆ. ನನ್ನ ಒಂದು ದುರಭ್ಯಾಸ ಅದು: ಕಾಲಡಿಯ ನೆಲ ಅಲುಗಿದಾಗ ನಿಘಂಟು ತೆಗೆಯುವುದು. ಎಷ್ಟೋ ಸಂಜೆ ತೆಗೆದೆ. ಕಳ್ಳು ಸಿಕ್ಕಿತು, ಹೆಂಡ ಸಿಕ್ಕಿತು. ನಮ್ಮ ಕಡೆ ಅವೆರಡೂ ಈಚಲ ಮರದಿಂದ ಇಳಿಯುವಂಥವು. ಮಧು, ಸುರೆ, ಮದಿರೆ ದೇವಲೋಕದಿಂದ ಇಳಿದಂತಿದ್ದವು. ರಾಗಿಯಿಂದ ಇಳಿದದ್ದಕ್ಕೆ ಒಂದು ಮಾತು ನನಗೆ ಸಿಗಲಿಲ್ಲ. ಇಂಗ್ಲಿಷಿನ ಬಿಯರ್ ಎಲ್ಲಿಂದ ಬಂತೆಂದು ಹುಡುಕಿದರೆ ಅಲ್ಲೂ ಒಮ್ಮತವಿಲ್ಲ. ಲ್ಯಾಟಿನ್ನಿನ 'ಕುಡಿ' ಎಂಬ ಮಾತೇ ಅದರ ಮೂಲವಿರಬಹುದು ಎನ್ನುತ್ತಾರೆ ಕೆಲವರು, ಅಲ್ಲ ಎನ್ನುತ್ತಾರೆ ಇನ್ನು ಕೆಲವರು. ಕುಡಿಯುವುದನ್ನು ಕುಡಿಯುವುದು ಎಂದು ಕರೆದು ಸುಮ್ಮನಾದವರು ಜಾಣರೇ ಇರಬೇಕು. ನನ್ನ ಬಳಿ ಅಂಬಲಿ ಎಂಬ ಮಾತಿತ್ತು. ಅಮ್ಮನಿಗೆ ಹೇಳಿಯೂ ಆಗಿತ್ತು. ಹೇಳುತ್ತ ಹೇಳುತ್ತ ಅದು ನನಗೇ ರೂಢಿಯಾಯಿತು.

ಜನವರಿಯಲ್ಲಿ ಒಂದು ಮಧ್ಯಾಹ್ನ ಆಮಾ ಮನೆಯ ಮುಂದಿನ ಐಸಿನ ಮೇಲೆ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಮನೆಯಲ್ಲಿದ್ದವಳು ನಾನೊಬ್ಬಳೇ. ಕೆಲಸದ ವೇಳೆ ದೀದಿಯ ಫೋನು ಲಾಕರಿನಲ್ಲಿರುತ್ತದೆ. ಆಂಬುಲೆನ್ಸಿನಲ್ಲಿ ಅವರ ಕೈ ಹಿಡಿದು ನಾನೇ ಹೋದೆ.

ಆಸ್ಪತ್ರೆಯಲ್ಲಿ ನರ್ಸು ಕಂಪ್ಯೂಟರಿನ ಮುಂದೆ ನಿಂತು ಒಂದೊಂದೇ ಪ್ರಶ್ನೆ ಕೇಳಿದಳು. ಮಾತ್ರೆಗಳು? ರಕ್ತದೊತ್ತಡಕ್ಕೆ ಒಂದು. ಅಲರ್ಜಿ? ಇಲ್ಲ. ತಂಬಾಕು? ಇಲ್ಲ. ಮದ್ಯ?

ಆಮಾ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದೆ. "ಶರಾಬ್ ಪೀತೀ ಹೈ, ಆಮಾ?"

ಆ ನೋವಿನಲ್ಲೂ ಆಮಾ ಮುಖ ಸಿಂಡರಿಸಿದರು. "ಛೀ! ಶರಾಬ್ ನಹೀ."

ನಾನು ಇಲ್ಲ ಎಂದೆ. ಅಲ್ಲಿಗೆ ಬಿಟ್ಟಿದ್ದರೆ ಅನುವಾದಕಿಯ ತಪ್ಪು ಎನ್ನಬಹುದಿತ್ತು. ಆದರೆ ನನ್ನೊಳಗೆ ಏನೋ ಚುಚ್ಚಿತು. ಆಹಾರದ ಪ್ರಶ್ನೆ ಬಂದಾಗ, ಅನ್ನ, ಬೇಳೆ, ಸೊಪ್ಪು ಎಂದು ಹೇಳಿ, ಪ್ರಾಮಾಣಿಕತೆಗೆ ಕೊರತೆಯಾಗಬಾರದೆಂದು ಸೇರಿಸಿದೆ: "ದಿನಾ ಹುಳಿಬರಿಸಿದ ರಾಗಿ ಗಂಜಿ." ಅಂದರೆ ಅಂಬಲಿ, ಇಂಗ್ಲಿಷಿನಲ್ಲಿ ಹೇಳಿದೆ, ಅಷ್ಟೇ. "ಆರೋಗ್ಯಕ್ಕೆ ಒಳ್ಳೆಯದು," ಎಂದು ನರ್ಸು ನಕ್ಕು, ಗಂಜಿ ಎಂದು ಟೈಪ್ ಮಾಡಿದಳು. ನಾನೂ ನಕ್ಕೆ.

ಆಪರೇಷನ್ ಸರಿಯಾಗಿ ಆಯಿತು. ಮೂರನೆಯ ದಿನ ಮಧ್ಯಾಹ್ನ ಹೋದಾಗ ಆಮಾ ನನ್ನನ್ನು ಗುರುತಿಸಲಿಲ್ಲ. ಕೈ ನಡುಗುತ್ತಿತ್ತು. ಹಣೆಯೆಲ್ಲ ಬೆವರು. ಹೊದಿಕೆಯಿಂದ ಏನನ್ನೋ ಹೆಕ್ಕಿ ಹೆಕ್ಕಿ ತೆಗೆಯುತ್ತಿದ್ದರು. ಯಾವುದೋ ಹೆಸರಿನಿಂದ ನನ್ನನ್ನು ಕರೆದು, ಅಂಗಳದಲ್ಲಿ ಕೋದೋ ಹರಡಿದೆ, ಮಳೆ ಬಂತು, ಬೇಗ ಬಾಚು ಎಂದು ಅವಸರಪಡಿಸಿದರು. ಸೋಂಕಿರಬಹುದೆಂದು ರಕ್ತ ತೆಗೆದಿದ್ದರು, ತಲೆಯ ಸ್ಕ್ಯಾನಿಗೂ ಬರೆದಿದ್ದರು. ದೀದಿ ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತು ಅಳುತ್ತಿದ್ದರು. "ವಯಸ್ಸಾಯಿತು ಬಹಿನಿ, ಅಮ್ಮನ ಬುದ್ಧಿ ಹೋಯಿತು. ಕರೆತರಬಾರದಿತ್ತು," ಎಂದರು. ಬಹಿನಿ ಎಂದರೆ ತಂಗಿ.

ನನಗೆ ಕಾರಣ ಹೊಳೆದಿತ್ತು. ದಿನಾ ಕುಡಿಯುವವರಿಗೆ ಥಟ್ಟನೆ ನಿಲ್ಲಿಸಿದರೆ ಹೀಗಾಗಬಹುದು, ವಯಸ್ಸಾದವರಿಗೆ ಪ್ರಾಣಕ್ಕೇ ಬರಬಹುದು ಎಂದು ಎಲ್ಲೋ ಓದಿದ್ದೆ. ಆದರೆ ಹೇಳಬೇಕಾದರೆ ಆಮಾಗೆ ಕೊಟ್ಟ ಮಾತು ಮುರಿಯಬೇಕು. ಮಗಳೆದುರಿಗೆ ತಾಯಿಯನ್ನು ಕುಡುಕಿ ಎಂದಂತಾಗುತ್ತದೆ. ನಾನೂ ಜೊತೆಗೆ ಕೂತಿದ್ದೆ ಎನ್ನಬೇಕಾಗುತ್ತದೆ. ಅಲ್ಲದೆ ಅದು ಅನ್ನ ಎಂದು ಅವರೇ ಹೇಳಿದ್ದರಲ್ಲ, ಇದು ಬೇರೆಯೇ ಏನಾದರೂ ಇದ್ದರೆ? ನನ್ನ ತಲೆ ಎಷ್ಟು ಕೆಟ್ಟಿತ್ತೆಂದರೆ ಕಾರಿಡಾರಿನ ಕೊನೆಗೆ ಹೋಗಿ, ಬೈಯುತ್ತಾಳೆಂದು ಗೊತ್ತಿದ್ದೂ, ರೇಣುಕಾಗೆ ಫೋನ್ ಮಾಡಿದೆ.

"ಅವರ ಫೈಲಿನ್ಯಾಗ ಏನ್ ಬರಸೀ?"

"ಗಂಜಿ ಅಂತ."

"ನಿಮ್ಮವ್ವಗ ಅಂಬಲಿ ಅಂದೀ, ನಕ್ಕ ಬಿಟ್ಟೆ. ಡಾಕ್ಟರ್‌ಗೂ ಅಂಬಲಿ ಅಂದೀಯೇನ? ಈಗ ಹೋಗಿ ಹೇಳ್ತೀಯೋ, ನಾ ಕ್ಲಾಸ್ ಬಿಟ್ಟ ಬರ್ಲೋ?"

ಹೋಗಿ ಹೇಳಿದೆ. ಮೊದಲು ದೀದಿಗೆ, ಅವರ ಮುಖ ನೋಡದೆ, ಆಮೇಲೆ ಡಾಕ್ಟರಿಗೆ. ದಿನಕ್ಕೆ ಎಷ್ಟು ಗ್ಲಾಸು ಎಂದು ಡಾಕ್ಟರು ಕೇಳಿದರು. ಅದು ಗ್ಲಾಸಿನ ಲೆಕ್ಕವಲ್ಲ, ಒಂದು ಪಾತ್ರೆ, ನಾಲ್ಕು ಸಲ ಬಿಸಿನೀರು ಎಂದೆ. ಅದರ ಹೆಸರೇನು ಎಂದರು. ತೋಂಗ್ಬಾ ಎಂದೆ, ಅಲ್ಲ, ಅದು ಪಾತ್ರೆ ಎಂದೆ, ಜಾಂಡ್ ಎಂದೆ, ಅವರ ಮನೆಮಾತಿನಲ್ಲಿ ಬೇರೆ ಎಂದೆ. ಡಾಕ್ಟರು ತಾಳ್ಮೆಯಿಂದ ಕೇಳಿ, "ಅಂದರೆ, ಒಂದು ಬಗೆಯ ಬಿಯರ್?" ಎಂದರು.

"ಹೌದು," ಎಂದೆ. "ಬಿಯರ್."

ಔಷಧಿ ಬದಲಾಯಿಸಿದರು. ಎರಡು ದಿನದಲ್ಲಿ ನಡುಕ ನಿಂತಿತು, ಆಮಾ ನನ್ನನ್ನು ಮತ್ತೆ ನಾನಿ ಎಂದರು. ನಾನು ಹೇಳಿದ್ದರಿಂದಲೇ ಉಳಿದರು ಎಂದು ಹೇಳಿಕೊಳ್ಳಲಾರೆ. ಆ ವಯಸ್ಸಿಗೆ ಅರಿವಳಿಕೆಯಿಂದಲೂ ಹಾಗಾಗುವುದುಂಟು, ಎರಡೂ ಸೇರಿರಬಹುದು ಎಂದು ಡಾಕ್ಟರೇ ಹೇಳಿದರು. ಎಷ್ಟು ಪಾಲು ನನ್ನದು ಎಂಬುದು ಇವತ್ತಿಗೂ ನನಗೆ ತಿಳಿಯದು.

ಆಮಾ ನನ್ನ ಮೇಲೆ ಕೋಪಿಸಿಕೊಂಡರು, ನಾನು ಹೆದರಿದ್ದ ಕಾರಣಕ್ಕಲ್ಲ. "ಬಿಯರ್ ಎಂದು ಬರೆಸಿದೆಯಂತೆ? ಆ ಡಬ್ಬಿಯ ನೊರೆನೀರು? ಅದನ್ನು ಸತ್ತವರ ಮುಂದೆ ಯಾರಾದರೂ ಇಡುತ್ತಾರೆಯೇ?" ಎಂದರು. ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದರು. "ಮೊದಲು ಗಂಜಿ ಎಂದೆಯಲ್ಲ, ಅದೂ ಅನ್ನವೇ, ಅದೇ ಸರಿ. ನೀನು ಸುಳ್ಳು ಹೇಳಲಿಲ್ಲ."

ಅವರು ಹೇಳಿದ್ದರೆ ಸುಳ್ಳಾಗುತ್ತಿರಲಿಲ್ಲ, ನಿಜ. ಅವರಿಗೆ ಅದು ಅನ್ನವೇ. ನಾನು ಗಂಜಿ ಎಂದದ್ದು ಅವರ ಅಮ್ಮನ ಮಾತನ್ನು ನಂಬಿ ಅಲ್ಲ, ನನ್ನ ಅಮ್ಮನಿಗೆ ಹೆದರಿ.

ದೀದಿ ಬೈಯಲಿಲ್ಲ. "ನೀನಾದರೂ ಹೇಳಬಹುದಿತ್ತಲ್ಲ ಬಹಿನಿ," ಎಂದು ಒಮ್ಮೆ ಅಂದರು, ಅಷ್ಟೇ. ಫರ್ನೇಸಿನ ಪಕ್ಕದ ಬಕೆಟ್ಟು ಮಾಯವಾಯಿತು. ಬೇಸಿಗೆಯ ಹೊತ್ತಿಗೆ ನನಗೆ ಕೆಲಸ ಸಿಕ್ಕಿ ಈ ಕಡೆ ಬಂದೆ. ಫೋನ್ ಮಾಡುತ್ತೇನೆ ಎಂದಿದ್ದೆ, ಮಾಡಲಿಲ್ಲ.

ಮಂಗಳವಾರ ಆ ಹುಳಿತ ಗಂಟನ್ನು ಕೈಯಲ್ಲಿ ಹಿಡಿದು ನಿಂತವಳು ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗು. ಕುಕ್ಕರು ಕೂಗುತ್ತಿತ್ತು.

"ಅಮ್ಮ, ಮಾಲ್ಟನ್‌ನಲ್ಲಿ ಅಂಬ್ಲಿ ಕುಡೀತಿದ್ದೆ ಅಂದಿದ್ನಲ್ಲ, ಅದು ಅಂಬ್ಲಿ ಅಲ್ಲ."

"ಮತ್ತೇನು?"

"ಹೆಂಡ. ರಾಗಿ ಹೆಂಡ." ಬೇರೆ ಮಾತು ಸಿಗಲಿಲ್ಲ. ಆಸ್ಪತ್ರೆಯ ಕತೆಯನ್ನೂ ಹೇಳಿದೆ, ನಿಲ್ಲಿಸದೆ, ಕುಕ್ಕರಿಗಿಂತ ಜೋರಾಗಿ.

ಅಮ್ಮ ಒಲೆ ಆರಿಸಿದ್ದು ಕೇಳಿಸಿತು. "ನಿಮ್ಮಪ್ಪಂಗೆ ಹೇಳ್ಬೇಡ," ಎಂದಳು. ಆಮೇಲೆ ಮೆಲ್ಲಗೆ: "ಚೆನ್ನಾಗಿತ್ತೇನೆ?"

"ಬೆಚ್ಚಗಿತ್ತಮ್ಮ."

"ಆ ಅಜ್ಜಿ ಈಗ ಹೆಂಗವ್ರೆ?"

ಕೇಳಿ ಹೇಳುತ್ತೇನೆ ಎಂದೆ. ಫೋನಿಟ್ಟು, ಶನಿವಾರ ಬರಲೇ, ರಾಗಿ ತರಲೇ ಎಂದು ದೀದಿಗೆ ಮೆಸೇಜು ಹಾಕಿದೆ. ಅರ್ಧ ಗಂಟೆ ಪರದೆ ನೋಡುತ್ತ ಕೂತೆ. ಉತ್ತರ ಬಂತು: "ಬಾ. ಆಮಾ ಕೋಲು ಹಿಡಿದು ಓಡಾಡುತ್ತಾರೆ. ಹಿಟ್ಟು ತಾ, ಕಾಳು ಬೇಡ." ಅದರ ಹಿಂದೆಯೇ ಅದೇ ನಂಬರಿನಿಂದ ಒಂದು ವಾಯ್ಸ್ ಮೆಸೇಜು. ಮೊದಲು ಉಸಿರು, ಆಮೇಲೆ ಪಿಸುಮಾತು: "ನಾನಿ, ಕಾಳೇ ತಾ. ಮಾಯಾಗೆ ಹೇಳಬೇಡ."

ಈಗ ನನ್ನ ಮೇಜಿನ ಮೇಲೆ ಎರಡು ಚೀಲಗಳಿವೆ, ಒಂದು ಹಿಟ್ಟು, ಒಂದು ಕಾಳು. ಎರಡರ ಮೇಲೂ ಇನ್ನೂ ಚೀಟಿ ಅಂಟಿಸಿಲ್ಲ. ಯಾವುದನ್ನು ಒಯ್ದರೆ ಸರಿ ಎಂದು ನೀವಾದರೂ ಹೇಳುತ್ತೀರೇನೋ ಎಂದು ಇಷ್ಟನ್ನೂ ಬರೆದೆ, ಬರೆಯುತ್ತ ಬರೆಯುತ್ತ ಒಂದನ್ನು ಮಾತ್ರ ತೀರ್ಮಾನಿಸಿ ದೀದಿಗೆ ತಿಳಿಸಿದ್ದೇನೆ: "ಎರಡನ್ನೂ ತರುತ್ತೇನೆ ದೀದಿ. ನೀವಿಬ್ಬರೂ ಎದುರುಬದುರು ಕೂತುಕೊಳ್ಳಿ, ಮಧ್ಯ ಇಡುತ್ತೇನೆ."